‘ಕುಂಕೂ’ ಬಗ್ಗೆ ಬರೆಯುವುದಾದರೆ ಮೊದಲು ಕಿವಿಗೊಡಿ

ರೇಡಿಯೊ ಸ್ಟುಡಿಯೊದಲ್ಲಿ ಮೂವತ್ತು ವರ್ಷ ಟೇಪು ಕತ್ತರಿಸಿ ಅಂಟಿಸಿದವನು ನಾನು. ಹಳೆಯ ಟಾಕಿ ಚಿತ್ರದ ವಿಮರ್ಶೆ ಬರೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಹೇಳುವುದು ಒಂದೇ: ಮೊದಲ ಹತ್ತು ನಿಮಿಷ ಪರದೆಗೆ ಬೆನ್ನು ಮಾಡಿ ಕೂತುಕೊಳ್ಳಿ.

ಅಭ್ಯಾಸಕ್ಕೆ ಪ್ರಭಾತ್ ಕಂಪನಿಯ ‘ಕುಂಕೂ’, ಅಂದರೆ ಕುಂಕುಮ, ತಗೊಳ್ಳಿ. 1937ರ ಮರಾಠಿ ಚಿತ್ರ, ವಿ. ಶಾಂತಾರಾಮ್ ನಿರ್ದೇಶನ, ನಾರಾಯಣ ಹರಿ ಆಪ್ಟೆಯವರ ಕಾದಂಬರಿ ಆಧರಿಸಿದ್ದು. ಹಿಂದಿಯಲ್ಲಿ ‘ದುನಿಯಾ ನ ಮಾನೆ’ ಅಂತ ಬಂತು. ನಮ್ಮ ಧಾರವಾಡದ ಕಡೆಯವರಿಗೆ ಮರಾಠಿ ಹೊಸದೇನಲ್ಲ, ಅದನ್ನೇ ನೋಡಿ. ಮೋಸದಿಂದ ಮುದಿ ವಕೀಲನಿಗೆ ಎರಡನೇ ಸಂಬಂಧಕ್ಕೆ ಕೊಟ್ಟ ಹುಡುಗಿ ನೀರಾ. ಮದುವೆಯೇನೋ ಆಯಿತು, ಸಂಸಾರ ಮಾಡಲಾರೆ ಎಂದು ಹಟ ಹಿಡಿಯುತ್ತಾಳೆ. ಕಥೆ ಇಷ್ಟು. ನಿಮ್ಮ ಬರಹದಲ್ಲೂ ಅದಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಡ.

ಈಗ ಕೇಳಿ. ಕರಕರ ಸದ್ದು ಬರುತ್ತದಲ್ಲ, ಅದು ಸವೆದ ಪ್ರಿಂಟಿನದು. ಅದನ್ನು ನಿರ್ದೇಶಕನ ಲೆಕ್ಕಕ್ಕೆ ಬರೆಯಬೇಡಿ. ಅದರಾಚೆ ಏನು ಕೇಳಿಸುತ್ತದೆ, ಮುಖ್ಯವಾಗಿ ಏನು ಕೇಳಿಸುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ. ಹಿನ್ನೆಲೆ ಸಂಗೀತವೇ ಇಲ್ಲ! ಐದು ವರ್ಷ ಹಿಂದೆ, 1932ರಲ್ಲಿ, ‘ಇಂದ್ರಸಭಾ’ ಚಿತ್ರ ಸುಮಾರು ಎಪ್ಪತ್ತು ಹಾಡು ತುಂಬಿಕೊಂಡು ಬಂದಿತ್ತು. ಅಂಥ ಕಾಲದಲ್ಲಿ ಶಾಂತಾರಾಮ್ ಅಳುವ ಹೊತ್ತಿಗೆ ಪಿಟೀಲು ಬೇಡ ಎಂದರು. ಹಾಡಿದೆ, ಆದರೆ ಹಾಡುವವರು ಕಥೆಯೊಳಗೇ ಇದ್ದಾರೆ. ಬೀದಿಯ ಹುಡುಗ ‘ಮನ ಶುದ್ಧ ತುಝಂ’ ಹಾಡುತ್ತಾನೆ. ನೀರಾ ಆಗಿ ನಟಿಸಿದ ಶಾಂತಾ ಆಪ್ಟೆ ತಾನೇ ಹಾಡುತ್ತಾಳೆ, ಅದೂ ಒಂದು ಕಡೆ ಅಮೆರಿಕದ ಕವಿ ಲಾಂಗ್‌ಫೆಲೋನ ಇಂಗ್ಲಿಷ್ ಪದ್ಯ. ಮೊದಲ ಸಲ ನನಗದು ಮುಜುಗರ ತಂದಿತ್ತು. ಎರಡನೇ ಸಲ ಹೊಳೆಯಿತು: ಮನೆಯವರ ಮಾತಿನಲ್ಲಿ ಹೇಳಿದ್ದು ಆ ಮನೆಯಲ್ಲಿ ಯಾರ ಕಿವಿಗೂ ಹೋಗುತ್ತಿಲ್ಲ. ನಿಮಗೆ ಬೇರೆ ಅನಿಸಿದರೆ ಹಾಗೆಯೇ ಬರೆಯಿರಿ, ಯಾವ ದೃಶ್ಯ ನೋಡಿ ಅನಿಸಿತು ಎನ್ನುವುದನ್ನು ಮಾತ್ರ ಬಿಡಬೇಡಿ.

ಇನ್ನು ತಿರುಗಿ ಕೂತು, ಮೊದಲಿಂದ ಹಾಕಿ. ಮುದುಕ ಮೀಸೆಗೆ ಬಣ್ಣ ಬಳಿದುಕೊಳ್ಳುವುದು, ಒಡೆದ ಕನ್ನಡಿಯ ಚೂರುಚೂರಿನಲ್ಲೂ ಅವನ ಮುಖ ಕಾಣುವುದು, ಗೋಡೆ ಗಡಿಯಾರ. ಇವಕ್ಕೆ ‘ಪ್ರತೀಕ’ ಎಂದು ಚೀಟಿ ಅಂಟಿಸಿ ಮುಂದೆ ಹೋಗಬೇಡಿ. ಆ ಪಾತ್ರ ಮಾಡಿದ ಕೇಶವರಾವ್ ದಾತೆ ಮುದುಕನನ್ನು ಬರೀ ಖಳನಾಗಲು ಬಿಟ್ಟಿಲ್ಲ. ಎಲ್ಲಿ ನಿಮಗೆ ಅವನ ಮೇಲೆ ಕನಿಕರ ಹುಟ್ಟಿತೋ ಆ ನಿಮಿಷ ಬರೆದಿಡಿ. ವಿಮರ್ಶೆಗೆ ಬೇಕಾದ ಜಗಳ ಅಲ್ಲೇ ಇರುತ್ತದೆ.

ಜಗಳ ಕೊನೆಯಲ್ಲಂತೂ ಬಂದೇ ಬರುತ್ತದೆ. ಮುದುಕ ತಪ್ಪೊಪ್ಪಿಕೊಂಡು, ಮರುಮದುವೆ ಆಗು ಎಂದು ಪತ್ರ ಬರೆದಿಟ್ಟು ಪ್ರಾಣ ಬಿಡುತ್ತಾನೆ. ಉದ್ದಕ್ಕೂ ಹೋರಾಡಿದವಳು ಅವಳು, ಬಿಡುಗಡೆ ಕೊಟ್ಟವನು ಅವನು! ಕಾಲ 1937 ಎಂಬ ರಿಯಾಯಿತಿ ಕೊಡುವ ಮೊದಲು ಇದನ್ನು ನೇರವಾಗಿ ಬರೆಯಿರಿ. ನಾನು ಇಲ್ಲಿ ಶಾಂತಾರಾಮರ ಪರವಾಗಿ ಎರಡು ಪುಟ ಬರೆದು ಓದಿ ತೋರಿಸಿದ್ದೆ. ನಮ್ಮ ಮನೆಯಾಕೆ ಅವರೆಕಾಯಿ ಸುಲಿಯುತ್ತ ಕೇಳಿದಳು: “ಮುದುಕ ಸತ್ತು ದೊಡ್ಡವನಾದ. ಅವಳ ಕುಂಕುಮ ಹೋಯ್ತಲ್ರೀ, ಅದನ್ನ ಯಾಕ ಬರೆದಿಲ್ಲ?” ಆ ಎರಡು ಪುಟ ಹರಿದೆ.