ರೆಡ್ ಆಕ್ಸೈಡ್ ನೆಲಕ್ಕೆ ವಿನೈಲ್ ಶೀಟ್: ಹಾಸುವ ಮೊದಲಿನ ಕೆಲಸ

ಅಡುಗೆಮನೆ 8x10 ಅಡಿ, ನೆಲಮಹಡಿ, ಹಳೆಯ ರೆಡ್ ಆಕ್ಸೈಡ್ ನೆಲ. ಮೇಲೆ ಹಾಸಬೇಕಾದದ್ದು 2 ಮಿ.ಮೀ. ದಪ್ಪದ ವಿನೈಲ್ ಶೀಟ್. ಶೀಟ್ ಕತ್ತರಿಸಿ ಅಂಟಿಸುವುದು ಅರ್ಧ ದಿನದ ಮಾತು, ಉಳಿದ ಸಮಯವೆಲ್ಲ ನೆಲಕ್ಕೇ ಹೋಗುತ್ತದೆ. ಕೆಳಗೆ ಒಂದು ಮರಳಿನ ಕಾಳು ಉಳಿದರೂ ಮೇಲೆ ಮೊಡವೆಯಂತೆ ಏಳುತ್ತದೆ, ಕಿಟಕಿಯ ಬೆಳಕಿನಲ್ಲಂತೂ ಎದ್ದು ಕಾಣುತ್ತದೆ.

ಮೊದಲು ನೋಡಬೇಕಾದದ್ದು ತೇವ. ಹಳೆಯ ಮನೆಗಳಲ್ಲಿ ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಇರುವುದು ಅಪರೂಪ. ಮಣ್ಣಿನ ತೇವ ಮೇಲೇರಿ ಗಾಳಿಗೆ ಆರಿಹೋಗುತ್ತಿರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಶೀಟ್ ಹಾಸಿದರೆ ಆ ದಾರಿ ಮುಚ್ಚುತ್ತದೆ. ಸಿಮೆಂಟಿನ ಕ್ಷಾರ ಬೆರೆತ ತೇವ ಅಂಟನ್ನು ಮೆತ್ತಗೆ ಮಾಡುತ್ತದೆ, ಶೀಟ್ ಉಬ್ಬುತ್ತದೆ, ಮುಗ್ಗುಲು ವಾಸನೆ ಬರುತ್ತದೆ. ಇದನ್ನು ಪರೀಕ್ಷಿಸಲು ಒಂದೂವರೆ ಅಡಿ ಚದರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ಕಿನ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ: ಸಿಂಕಿನ ಹತ್ತಿರ ಒಂದು, ಹೊರಗೋಡೆಯ ಪಕ್ಕ ಒಂದು, ನಡುವೆ ಒಂದು. ಪ್ಲಾಸ್ಟಿಕ್ಕಿನ ಒಳಮೈಗೆ ಹನಿ ಕಟ್ಟಿದ್ದರೆ ಅಥವಾ ಅದರ ಕೆಳಗಿನ ನೆಲ ಕಪ್ಪಗಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ. ಸುತ್ತಲಿನ ನೆಲ ಒದ್ದೆಯಾಗಿ ಪ್ಲಾಸ್ಟಿಕ್ಕಿನ ಕೆಳಗೆ ಮಾತ್ರ ಒಣಗಿದ್ದರೆ ಅದು ಗಾಳಿಯ ತೇವ. ಮಳೆಗಾಲದಲ್ಲಿ ನೆಲ ಬೆವರುವುದು ಅಂದರೆ ಅದೇ. ಏಪ್ರಿಲ್ ಬಿಸಿಲಿನಲ್ಲಿ ಮಾಡಿದ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಮಲೆನಾಡು, ಕರಾವಳಿಯ ಮನೆಯಾದರೆ ಮಳೆಗಾಲದಲ್ಲೇ ನೋಡಬೇಕು.

ಸಿಂಕಿನ ಹತ್ತಿರ ಮಾತ್ರ ಹನಿ ಕಂಡರೆ ನೆಲವನ್ನು ದೂರುವ ಮೊದಲು ಪೈಪ್ ಪರೀಕ್ಷಿಸಿ. ಎಲ್ಲ ಕಡೆಯೂ ಹನಿ ಇದ್ದರೆ ತೇವ ತಡೆಯುವ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಎರಡು ಕೋಟ್ ಬಳಿದು, ಎರಡನೆಯದು ಹಸಿಯಿರುವಾಗಲೇ ಒಣ ಮರಳು ಎರಚಬೇಕು, ಇಲ್ಲದಿದ್ದರೆ ಮುಂದಿನ ಪದರ ಕಚ್ಚುವುದಿಲ್ಲ. ಇದಕ್ಕೆ ಖರ್ಚು ಮಾಡಲು ಮನಸ್ಸಿಲ್ಲದವರು ಶೀಟಿನ ಆಸೆ ಬಿಟ್ಟು ಟೈಲ್ಸ್ ಹಾಕಿಸುವುದೇ ಮೇಲು.

ಎರಡನೆಯ ಶತ್ರು ಜಿಡ್ಡು. ರೆಡ್ ಆಕ್ಸೈಡ್ ನೆಲ ಹೊಳೆಯುವುದಕ್ಕೆ ಕೆಲವರು ಕೊಬ್ಬರಿ ಎಣ್ಣೆ ತಿಕ್ಕಿರುತ್ತಾರೆ, ಕೆಲವರು ಮೇಣದ ಪಾಲಿಶ್ ಹಚ್ಚಿರುತ್ತಾರೆ. ಅದರ ಮೇಲೆ ಒಲೆ ಕಟ್ಟೆಯ ಮುಂದೆ ವರ್ಷಗಟ್ಟಲೆ ಸಿಡಿದ ಒಗ್ಗರಣೆ ಬೇರೆ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ಕೈಗವಸು ಹಾಕಿಕೊಂಡು ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ, ನೀರು ಸೋಪಿನಂತೆ ಜಾರುವುದು ನಿಲ್ಲುವ ತನಕ ಬರಿನೀರಿನಲ್ಲಿ ತೊಳೆದೆ. ಗ್ರೈಂಡಿಂಗ್ ಇದಾದ ಮೇಲೆಯೇ. ಮೊದಲೇ ಗ್ರೈಂಡ್ ಮಾಡಿದರೆ ಜಿಡ್ಡು ಬಿಸಿಯಾಗಿ ಇಡೀ ನೆಲಕ್ಕೆ ಸವರಿಕೊಳ್ಳುತ್ತದೆ.

ಒಣಗಿದ ಮೇಲೆ ಡೈಮಂಡ್ ಕಪ್ ಚಕ್ರ ಹಾಕಿದ ಗ್ರೈಂಡರಿನಲ್ಲಿ ಹೊಳಪಿನ ಪದರ ತೆಗೆದೆ. ಸಿಮೆಂಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶ ಹಾಳುಮಾಡುತ್ತದೆ. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು, ಗ್ರೈಂಡರಿಗೆ ವ್ಯಾಕ್ಯೂಮ್ ಜೋಡಿಸಿದರೆ ಇನ್ನೂ ಒಳ್ಳೆಯದು. ಎಷ್ಟು ಉಜ್ಜಬೇಕು ಎನ್ನುವುದನ್ನು ನೀರಿನ ಹನಿ ಹೇಳುತ್ತದೆ. ಹನಿ ಮುತ್ತಿನ ಹಾಗೆ ನಿಂತರೆ ಮೇಣ ಇನ್ನೂ ಇದೆ. ಕೆಲವೇ ನಿಮಿಷಗಳಲ್ಲಿ ಇಂಗಿ ಕಪ್ಪು ಕಲೆಯಾದರೆ ಸಾಕು. ಒಲೆಯ ಮುಂದಿನ ಎರಡಡಿ ಜಾಗಕ್ಕೆ ಮಾತ್ರ ಮತ್ತೆ ಸೋಡಾ, ಮತ್ತೆ ಗ್ರೈಂಡರ್ ಬೇಕಾಯಿತು.

ಆಮೇಲೆ ಸುತ್ತಿಗೆಯ ಹಿಡಿಯಿಂದ ಇಡೀ ನೆಲ ತಟ್ಟಿ ನೋಡಿದೆ. ಡಬಡಬ ಎಂದ ಕಡೆ ಗಾರೆ ಕೆಳಗಿನಿಂದ ಬಿಟ್ಟಿರುತ್ತದೆ, ಅದನ್ನು ಒಡೆದು ತೆಗೆಯಲೇಬೇಕು. ಗುಂಡಿಯ ಅಂಚನ್ನು ನೇರವಾಗಿ ಕತ್ತರಿಸಿ, ಒದ್ದೆ ಮಾಡಿ, ಹಿಡಿತ ಹೆಚ್ಚಿಸುವ ಲೇಟೆಕ್ಸ್ ದ್ರವ ಬೆರೆಸಿದ 1:3 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ತುಂಬಿದೆ. ಅಂಚು ತೆಳ್ಳಗೆ ಇಳಿಜಾರಾಗಿದ್ದರೆ ಅಲ್ಲಿಂದಲೇ ಪುಡಿಯಾಗುತ್ತದೆ. ಬಿರುಕುಗಳನ್ನು ಕಟರಿನಲ್ಲಿ ಸ್ವಲ್ಪ ಅಗಲಿಸಿ ಎಪಾಕ್ಸಿ ತುಂಬಿದರಾಯಿತು.

ಮಟ್ಟ ನೋಡಲು ಆರೂವರೆ ಅಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ಟಾರ್ಚ್ ಬಿಟ್ಟು ನೋಡಿದೆ; ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ತಗ್ಗುಗಳಿಗೆ ಪೆನ್ಸಿಲ್ ಗುರುತು ಸಾಕು. ಮಾರ್ಕರ್, ಬಾಲ್ ಪೆನ್ನಿನ ಇಂಕು ಕಾಲಕ್ರಮೇಣ ವಿನೈಲಿನ ಮೂಲಕ ಮೇಲೆದ್ದು ಬರುತ್ತದೆ, ಆಮೇಲೆ ಯಾವ ಸೋಪಿಗೂ ಹೋಗುವುದಿಲ್ಲ.

ಸಮಮಾಡಲು ಪ್ರೈಮರ್ ಬಳಿದು ಸೆಲ್ಫ್ ಲೆವೆಲಿಂಗ್ ಕಾಂಪೌಂಡ್, ಅಂದರೆ ತಾನೇ ಹರಿದು ಮಟ್ಟವಾಗುವ ಸಿಮೆಂಟ್ ಮಿಶ್ರಣ, ಸುರಿದೆ. ಪ್ರೈಮರ್ ಇಲ್ಲದಿದ್ದರೆ ಒಣ ನೆಲ ಕಾಂಪೌಂಡಿನ ನೀರು ಹೀರಿಕೊಂಡು ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಸುಮಾರು 1.7 ಕೆ.ಜಿ. ಲೆಕ್ಕ, 7.4 ಚದರ ಮೀಟರಿಗೆ 3 ಮಿ.ಮೀ. ಅಂದರೆ 38 ಕೆ.ಜಿ., 20 ಕೆ.ಜಿ.ಯ ಎರಡು ಚೀಲ. ನೀರು ಚೀಲದ ಮೇಲೆ ಬರೆದಷ್ಟೇ, ಅಳೆದು. ‘ಇನ್ನೊಂದು ಚೊಂಬು ಹಾಕಿ ಸಾರ್, ಚೆನ್ನಾಗಿ ಹರಿಯುತ್ತೆ’ ಎನ್ನುವವರಿರುತ್ತಾರೆ. ಹರಿಯುವುದೇನೋ ನಿಜ, ಆದರೆ ಮೇಲೆ ಉಗುರಿಗೆ ಕಿತ್ತುಬರುವ ಪುಡಿ ಪದರ ನಿಲ್ಲುತ್ತದೆ, ಅಂಟು ಹಿಡಿದುಕೊಳ್ಳುವುದು ಆ ಪುಡಿಯನ್ನು. ಕಲಸಿದ್ದು ಕಾಲು ಗಂಟೆಯಲ್ಲಿ ಬಿಗಿಯುವುದರಿಂದ ಸುರಿಯಲೊಬ್ಬರು, ಕಲಸಲೊಬ್ಬರು ಇರಲೇಬೇಕು. ನೀರು ಹೋಗುವ ತೂತಿಗೆ ಮೊದಲೇ ಬಟ್ಟೆ ತುರುಕಿ ಟೇಪ್ ಹಾಕಿಡಿ.

ತೂತಿನ ಕಡೆಗೆ ಇಳಿಜಾರು ಉಳಿಯಬೇಕೆಂದಿದ್ದರೆ ಈ ಕಾಂಪೌಂಡ್ ಬೇಡ, ತಗ್ಗಿಗೆ ಮಾತ್ರ ಕರಣೆಯಲ್ಲಿ ಎಳೆಯುವ ಗಟ್ಟಿ ಪ್ಯಾಚ್ ಮಿಶ್ರಣ ಸಾಕು. ಹಾಗೆಂದು ವಿನೈಲ್ ನೆಲಕ್ಕೆ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆಯುವಂತಿಲ್ಲ. ಅಂಚಿನಿಂದ ನುಗ್ಗಿದ ನೀರು ಹೊರಬರಲು ದಾರಿಯೇ ಇರುವುದಿಲ್ಲ.

ಕಾಂಪೌಂಡ್ ಒಣಗಿದ ಮೇಲೆ ಮರಳು ಕಾಗದದಲ್ಲಿ ಲಘುವಾಗಿ ಉಜ್ಜಿ, ವ್ಯಾಕ್ಯೂಮ್ ಮಾಡಿ, ಅಂಗೈಯಿಂದ ಸವರಿ ನೋಡಿ. ನೆಲ ಸುಮಾರು 5 ಮಿ.ಮೀ. ಏರುತ್ತದೆ, ಆದ್ದರಿಂದ ಶೀಟ್ ಅಂಟಿಸುವ ಮೊದಲೇ ಬಾಗಿಲಿನ ಅಡಿಯನ್ನು ಕತ್ತರಿಸಬೇಕಾದೀತು. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ. ಅದರ ಕಬ್ಬಿಣದ ಬಳೆ ಶೀಟನ್ನು ಹರಿಯುತ್ತದೆ, ಟ್ರಾಲಿಯ ಪುಟ್ಟ ಗಾಲಿಗಳು ಗುಳಿ ಮಾಡುತ್ತವೆ. ಅದು ನಿಲ್ಲುವ ಜಾಗಕ್ಕೆ ಶೀಟ್ ಹಾಸದೆ ಒಂದು ಕಡಪ ಕಲ್ಲು ಕೂರಿಸಿದೆ.