ವಿನಾಯಿತಿ ಚೀಟಿ ತಂದವರಿಗೂ ಆಟವಿದೆ

ಪದವಿ ಕಾಲೇಜಿನಲ್ಲಿ ಪ್ರತಿ ವರ್ಷದ ಆರಂಭಕ್ಕೆ ವೈದ್ಯರ ಚೀಟಿಗಳು ಬರುತ್ತವೆ: ‘ಶ್ರಮದ ವ್ಯಾಯಾಮ ಬೇಡ.’ ಚೀಟಿ ತಂದವರು ಮೈದಾನದ ಮೆಟ್ಟಿಲ ಮೇಲೆ ಮೊಬೈಲ್ ಹಿಡಿದು ಕೂರುವುದು, ಹಾಜರಾತಿ ಪಡೆದು ಹೋಗುವುದು ವಾಡಿಕೆ. ದೈಹಿಕ ಶಿಕ್ಷಣ ನಿರ್ದೇಶಕನಾಗಿ ನಾನು ಮೊದಲು ಬದಲಿಸಿದ್ದು ಆ ಚೀಟಿಯನ್ನೇ. ನಡಿಗೆ, ಓಟ, ಭಾರ ಎತ್ತುವುದು, ಈಜು, ಮೈಗೆ ಮೈ ತಾಗುವ ಆಟ, ಇವುಗಳ ಎದುರು ‘ಮಾಡಬಹುದು’, ‘ಮಿತಿಯಲ್ಲಿ’, ‘ಬೇಡ’ ಎಂಬ ಮೂರು ಮನೆಗಳಿರುವ ಒಂದು ಪುಟದ ನಮೂನೆ ಮಾಡಿ ವೈದ್ಯರಿಗೇ ಕಳಿಸಿದೆ. ‘ಬೇಡ’ದ ಮನೆ ಬಹುಪಾಲು ಖಾಲಿಯಾಗಿಯೇ ಮರಳಿತು. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವನಿಗೆ ಕಬಡ್ಡಿ ಬೇಡ, ನಡಿಗೆಗೆ ಅಡ್ಡಿಯಿಲ್ಲ. ಮೂರ್ಛೆರೋಗವಿದ್ದವಳು ಒಬ್ಬಳೇ ಈಜಬಾರದು, ಶಟಲ್ ಆಡಬಹುದು.

ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಅಸ್ತಮಾ ಇರುವವರ ಬಗ್ಗೆ. ಚಳಿಗಾಳಿ, ದೂಳು, ಅವಸರದ ಓಟ ಸೇರಿದರೆ ಎದೆ ಬಿಗಿಯುತ್ತದೆ; ಅದೂ ಎಷ್ಟೋ ಸಲ ಓಡುವಾಗಲ್ಲ, ಓಡಿ ನಿಂತ ಮೇಲೆ. ಹಾಗಾಗಿ ಡಿಸೆಂಬರ್, ಜನವರಿಯ ಬೆಳಗಿನ ತರಗತಿಯನ್ನು ಒಳಾಂಗಣಕ್ಕೆ ಸರಿಸಿದೆ. ವೈದ್ಯರು ಬರೆದಿದ್ದರೆ ಕಾಲು ಗಂಟೆ ಮುಂಚೆ ಇನ್‌ಹೇಲರ್, ಆಮೇಲೆ 10ರಿಂದ 15 ನಿಮಿಷ ನಿಧಾನವಾಗಿ ಮೈ ಬಿಸಿ ಮಾಡಿಕೊಳ್ಳುವುದು, ನಂತರ ನಡುನಡುವೆ ಬಿಡುವಿರುವ ಚಿಕ್ಕ ಓಟಗಳು. ಇನ್‌ಹೇಲರ್ ಬ್ಯಾಗಿನಲ್ಲಲ್ಲ, ಜೇಬಿನಲ್ಲಿರಬೇಕು. ಇದರಲ್ಲಿ ಮಾತ್ರ ನಾನು ನಿರ್ದಯಿ. ಶ್ರಮ ಅಳೆಯಲು ಯಂತ್ರವೇನೂ ಬೇಕಿಲ್ಲ: ಮಾತನಾಡಲು ಆಗುತ್ತಿರಬೇಕು, ಹಾಡಲು ಆಗಬಾರದು. ಇದನ್ನು ಪರೀಕ್ಷಿಸುವ ನೆಪದಲ್ಲಿ ಸಿನಿಮಾ ಹಾಡು ಕಿರುಚುತ್ತಾ ಸುತ್ತು ಹಾಕಿ ಪ್ರಾಂಶುಪಾಲರಿಂದ ಬೈಸಿಕೊಂಡ ಹುಡುಗರೂ ಇದ್ದಾರೆ.

ಇನ್ಸುಲಿನ್ ತೆಗೆದುಕೊಳ್ಳುವವರು ಆಟಕ್ಕೆ ಮುನ್ನ ರಕ್ತದ ಸಕ್ಕರೆ ನೋಡಿಕೊಳ್ಳುತ್ತಾರೆ. 90ಕ್ಕಿಂತ ಕಡಿಮೆಯಿದ್ದರೆ ಮೊದಲು ಏನಾದರೂ ತಿನ್ನಬೇಕು. 70ಕ್ಕಿಂತ ಕೆಳಗಿಳಿದರೆ ತಕ್ಷಣ 15 ಗ್ರಾಂ ಗ್ಲೂಕೋಸ್, ಅಂದಿಗೆ ಆಟ ರದ್ದು.

ಚೀಟಿಯನ್ನೇ ತರದವರದು ಬೇರೆ ಕಥೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಓಟದಲ್ಲಿ ಹಿಂದೆ ಬೀಳುವ ಹುಡುಗಿಗೆ ‘ಸೋಮಾರಿ’ ಎನ್ನುವ ಬದಲು ಹಿಮೋಗ್ಲೋಬಿನ್ ಪರೀಕ್ಷೆಗೆ ಕಳಿಸುತ್ತೇನೆ.

ಸಹೋದ್ಯೋಗಿಗಳೊಂದಿಗೆ ನನಗೆ ಜಗಳವಿರುವುದು ಅಂಕದ ವಿಚಾರದಲ್ಲಿ. 30 ಮೀಟರಿನ ಗೆರೆಯ ಮೇಲೆ ಆರು ನಿಮಿಷ ನಡೆಸಿ ದೂರ ಬರೆದಿಡುತ್ತೇನೆ. ಸೆಮಿಸ್ಟರ್ ಕೊನೆಗೆ ಮತ್ತೆ ನಡೆಸಿ, ಅವರವರ ಹಳೆಯ ಅಳತೆಯೊಂದಿಗೇ ಹೋಲಿಸಿ ಅಂಕ ಕೊಡುತ್ತೇನೆ. ‘ಓಡಿದವನಿಗೂ ನಡೆದವನಿಗೂ ಒಂದೇ ಅಂಕವೇ ಸಾರ್?’ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಹೃದಯದ ತೊಂದರೆ ಇದ್ದವರಿಗೆ ಮಾತ್ರ ವೈದ್ಯರ ಒಪ್ಪಿಗೆ ಬರುವ ತನಕ ಆ ನಡಿಗೆಯೂ ಇಲ್ಲ; ಅಲ್ಲಿಯವರೆಗೆ ಗಡಿಯಾರ ಹಿಡಿದು ಉಳಿದವರ ದೂರ ಬರೆಯುವ ಕೆಲಸ ಅವರದು.