ಲ್ಯಾಬಿನಲ್ಲಿ ಬೆಳೆಸಿದ ಕಾರ್ಟಿಲೇಜ್ ಮಂಡಿಗೆ ಹಾಕಿಸುವವರಿಗೆ

ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ ಆದ ಮಂಡಿ ಆಮೇಲೆ ಬರುವುದು ನನ್ನ ಹತ್ತಿರ. ಇಡೀ ಮಂಡಿ ಸವೆದಿದ್ದರೆ ಈ ದಾರಿ ನಿಮಗಲ್ಲ. ಪೆಟ್ಟು ಬಿದ್ದು ಒಂದು ಕಡೆ ಮಾತ್ರ ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆ ತುದಿಯ ನುಣುಪು ಮೆತ್ತೆ) ಕಿತ್ತುಹೋಗಿದ್ದರೆ ಕೇಳಿ ನೋಡಿ. ಕಾಲು ಸೊಟ್ಟಗಿದೆಯೇ, ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಗಟ್ಟಿಯಿದೆಯೇ ಅಂತಲೂ ನೋಡಿಸಿ. ಭಾರವೆಲ್ಲ ಒಂದೇ ಕಡೆ ಬಿದ್ದರೆ ಹೊಸದೂ ಸವೆಯುತ್ತದೆ, ಅಲ್ವಾ?

ಆಪರೇಷನ್ ಎರಡು ಸಲ. ಮೊದಲು ಸಣ್ಣ ತೂತಿನ ಕೀಹೋಲ್ ಆಪರೇಷನ್ ಮಾಡಿ, ಭಾರ ಬೀಳದ ಜಾಗದಿಂದ ಚೂರು ಕಾರ್ಟಿಲೇಜ್ ತೆಗೆಯುತ್ತಾರೆ. ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಕೆಲವು ವಾರ ಬೆಳೆಸುತ್ತಾರೆ. ಆ ವಾರಗಳಲ್ಲಿ ಸುಮ್ನೆ ಕೂರಬೇಡಿ, ಡಾಕ್ಟರ್ ಒಪ್ಪಿದಷ್ಟು ತೊಡೆಯ ವ್ಯಾಯಾಮ ಮಾಡಿ. 1994ರಲ್ಲಿ ಸ್ವೀಡನ್ನಿನ ವೈದ್ಯರು ಈ ಚಿಕಿತ್ಸೆಯ ಬಗ್ಗೆ ಬರೆದಾಗ ಕೋಶಗಳ ದ್ರವವನ್ನು ತೇಪೆಯ ಕೆಳಗೆ ಚುಚ್ಚುತ್ತಿದ್ದರು. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮ್ಯಾಸಿ (MACI) ಎಂಬ ಇದರ ಹೊಸ ರೂಪದಲ್ಲಿ ಕೋಶಗಳನ್ನು ಹಂದಿಯ ಕೊಲಾಜೆನ್ ಪೊರೆಯ ಮೇಲೆ ಬೆಳೆಸುತ್ತಾರೆ. ಗಾಯದ ಅಳತೆಗೆ ಕತ್ತರಿಸಿ, ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಅಂಟು ಹಾಕಿ ಕೂರಿಸುತ್ತಾರೆ. ಹಂದಿಯದ್ದು ಬೇಡ ಅನ್ನುವವರು, ಜೆಂಟಾಮೈಸಿನ್ ಅನ್ನುವ ಆಂಟಿಬಯಾಟಿಕ್ ಅಲರ್ಜಿ ಇರುವವರು ಮೊದಲೇ ಹೇಳಿಬಿಡಿ.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ತೊಡೆಮೂಳೆಯ ತುದಿಯಲ್ಲಿ ಹಾಕಿದ್ದರೆ ಮಂಡಿ ಬೇಗ ಮಡಿಸಬಹುದು, ಆದರೆ ಊರುಗೋಲು ಬಿಡುವಂತಿಲ್ಲ. ಮಂಡಿಚಿಪ್ಪಿನ ಹಿಂದೆ ಹಾಕಿದ್ದರೆ ಉಲ್ಟಾ: ಬ್ರೇಸ್ ಹಾಕಿ ಕಾಲು ನೆಟ್ಟಗಿಟ್ಟು ಬೇಗ ಭಾರ ಹಾಕಬಹುದು, ಮಡಿಸುವುದು ನಿಧಾನ. ಹಾಗಾಗಿ ಪಕ್ಕದ ಬೆಡ್ಡಿನವರ ಚಾರ್ಟ್ ನಕಲು ಮಾಡಬೇಡಿ. ನೋವಿಲ್ಲ ಅಂತ ಓಡಲೂ ಬೇಡಿ. ಕಾರ್ಟಿಲೇಜಿಗೆ ನರವೇ ಇಲ್ಲ, ಎಚ್ಚರಿಸುವುದು ಹೇಗೆ? ಜಿಗಿತ, ಆಟ ಎಲ್ಲ ಸುಮಾರು ವರ್ಷದ ಮಾತು. ಮೀನಖಂಡ ಊದಿದರೆ, ಜ್ವರ ಬಂದರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.